ಯಾರೂ ಸಹಿ ಹಾಕದ ಆದೇಶ



ಇವತ್ತು ಒಂದು ದಿನ ವಿಧಾನಸೌಧದ ಕಡೆ ಕ್ಯಾಮೆರಾ ತಿರುಗಿಸೋದು ಬೇಡ. ಇವತ್ತು ಒಬ್ಬ ಜಾಕಿಯ ಕಥೆ ಹೇಳ್ತೀನಿ. ಜಾಕಿ ಅಂದ್ರೆ ರೇಸಿನಲ್ಲಿ ಕುದುರೆ ಓಡಿಸುವವನು. ರೇಸ್ ಅನ್ನೋ ಪದ ಕಿವಿಗೆ ಬಿದ್ದ ಕೂಡಲೇ ನಮ್ಮ ಮನೆಗಳಲ್ಲಿ ಹಿರಿಯರು ಮುಖ ಸಿಂಡರಿಸ್ತಾರೆ, ನನಗೂ ಗೊತ್ತು. ರೇಸಿಗೆ ಹೋಗಿ ಮನೆ ಮಾರಿಕೊಂಡವರ ಕಥೆ ಬೀದಿಗೊಂದು ಸಿಗುತ್ತೆ. ಆದರೆ ನಾನು ಹೇಳೋಕೆ ಹೊರಟಿರೋದು ಕಟಕಟೆಯ ಆಚೆ ನಿಂತು ದುಡ್ಡು ಕಟ್ಟಿದವನ ಕಥೆ ಅಲ್ಲ. ಕುದುರೆಯ ಬೆನ್ನ ಮೇಲೆ ಇದ್ದವನ ಕಥೆ.

ಹೆಸರು ಜಿಮ್ಮಿ ವಿಂಕ್‌ಫೀಲ್ಡ್. ಊರು ಅಮೆರಿಕದ ಕೆಂಟಕಿ ರಾಜ್ಯ. ನಿಮ್ಮಲ್ಲಿ ಹೆಚ್ಚಿನವರು ಈ ಹೆಸರು ಕೇಳಿರಲಿಕ್ಕಿಲ್ಲ. ಅದು ನಿಮ್ಮ ತಪ್ಪಲ್ಲ. ಅವನ ಸ್ವಂತ ದೇಶವೇ ಅವನನ್ನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮರೆತು ಕೂತಿತ್ತು.

ಅವನ ಕಥೆಗೆ ಹೋಗೋ ಮುಂಚೆ ಎರಡು ಲೆಕ್ಕ ನಿಮ್ಮ ಮುಂದೆ ಇಡ್ತೀನಿ. ಇವತ್ತಿನ ಮಾತೆಲ್ಲ ಈ ಎರಡು ಲೆಕ್ಕದ ಮೇಲೇ ನಿಂತಿದೆ.

ಕೆಂಟಕಿ ಡರ್ಬಿ ಅಂತ ಒಂದು ರೇಸ್ ಇದೆ. ಲೂಯಿವಿಲ್ ಅನ್ನೋ ಊರಿನ ಚರ್ಚಿಲ್ ಡೌನ್ಸ್ ಮೈದಾನದಲ್ಲಿ, ಮೇ ತಿಂಗಳ ಮೊದಲ ಶನಿವಾರ ನಡೆಯೋದು ರೂಢಿ. ದೂರ ಸುಮಾರು ಎರಡು ಕಿಲೋಮೀಟರ್. ಎರಡು ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತೆ. ಆ ಎರಡು ನಿಮಿಷಕ್ಕಾಗಿ ಅಮೆರಿಕ ವರ್ಷವಿಡೀ ಕಾಯುತ್ತೆ. ಶುರುವಾಗಿದ್ದು 1875ರಲ್ಲಿ. ಈಗ ಮೊದಲನೇ ಲೆಕ್ಕ: 1875ರಿಂದ 1902ರವರೆಗೆ ನಡೆದ ಮೊದಲ 28 ಡರ್ಬಿಗಳಲ್ಲಿ 15 ಗೆದ್ದವರು ಕಪ್ಪು ವರ್ಣೀಯ ಜಾಕಿಗಳು. ಅರ್ಧಕ್ಕಿಂತ ಹೆಚ್ಚು!

ಎರಡನೇ ಲೆಕ್ಕ: 1902ರ ನಂತರ ಆ ರೇಸ್ ಗೆದ್ದ ಕಪ್ಪು ಜಾಕಿಗಳ ಸಂಖ್ಯೆ ಸೊನ್ನೆ. ಗೆಲ್ಲೋದು ಹಾಗಿರಲಿ, 1921ರ ನಂತರ 2000ನೇ ಇಸವಿವರೆಗೆ, ಅಂದ್ರೆ ಎಂಟು ದಶಕ ಹತ್ತಿರ ಹತ್ತಿರ, ಆ ರೇಸಿನಲ್ಲಿ ಒಬ್ಬನೇ ಒಬ್ಬ ಕಪ್ಪು ಜಾಕಿ ಕುದುರೆ ಏರಲಿಲ್ಲ.

15 ಇದ್ದದ್ದು ಸೊನ್ನೆಗೆ ಬಂತು. ಏನಾಯ್ತು? ಕಪ್ಪು ಜನ ಕುದುರೆ ಸವಾರಿ ಮಾಡಬಾರದು ಅಂತ ಕಾನೂನು ಬಂತಾ? ಇಲ್ಲ. ಡರ್ಬಿ ನಡೆಸುವವರು ಅವರನ್ನ ನಿಷೇಧಿಸಿ ಪ್ರಕಟಣೆ ಕೊಟ್ಟರಾ? ಅದೂ ಇಲ್ಲ. ಒಂದು ಕಾಗದ ಇಲ್ಲ, ಒಂದು ಸಹಿ ಇಲ್ಲ. ಆದರೂ ಅವರು ಮಾಯವಾದರು. ಹೇಗೆ? ಅದನ್ನ ಅರ್ಥ ಮಾಡಿಕೊಳ್ಳೋಕೆ ಜಿಮ್ಮಿಯ ಬದುಕಿಗಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ. ಯಾಕಂದ್ರೆ ಆ 15ರಲ್ಲಿ ಕೊನೆಯದು ಅವನದೇ.

ಮೊದಲು ಒಂದು ಸಣ್ಣ ಹಿನ್ನೆಲೆ. ಕಪ್ಪು ಜನ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಜಾಕಿಗಳಾಗಿದ್ದು ಯಾಕೆ? ಗುಲಾಮಗಿರಿಯ ಕಾಲದಲ್ಲಿ ಕುದುರೆ ಮಾಲೀಕನದು, ಲಾಯದ ಕೆಲಸ ಗುಲಾಮನದು. ಮೈ ಉಜ್ಜೋದು, ಹುಲ್ಲು ಹಾಕೋದು, ಲದ್ದಿ ಬಾಚೋದು, ಕಾಯಿಲೆ ಬಿದ್ದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಮಲಗೋದು, ಮರಿ ಪಳಗಿಸೋದು, ರೇಸ್ ಇದ್ದರೆ ಏರಿ ಓಡಿಸೋದು. ತಲೆಮಾರುಗಟ್ಟಲೆ ಇದೇ ಕೆಲಸ. 1865ರಲ್ಲಿ ಗುಲಾಮಗಿರಿ ಹೋಯ್ತು. ಜಮೀನು ಅವರಿಗೆ ಸಿಗಲಿಲ್ಲ, ದುಡ್ಡು ಸಿಗಲಿಲ್ಲ. ಕೈಯಲ್ಲಿದ್ದ ವಿದ್ಯೆ ಮಾತ್ರ ಉಳೀತು. ಕುದುರೆಯ ಮನಸ್ಸು ಓದುವ ವಿದ್ಯೆ.

ಹಾಗಾಗಿ 1875ರ ಮೊದಲ ಡರ್ಬಿಯಲ್ಲಿ ಓಡಿದ 15 ಕುದುರೆಗಳಲ್ಲಿ 13ರ ಮೇಲೆ ಕೂತಿದ್ದವರು ಕಪ್ಪು ಹುಡುಗರು. ಗೆದ್ದ ಕುದುರೆ ಅರಿಸ್ಟೈಡೀಸ್, ಓಡಿಸಿದವನು ಆಲಿವರ್ ಲೂಯಿಸ್, ಕಪ್ಪು ಜಾಕಿ. ಆ ಕುದುರೆಯನ್ನ ತಯಾರು ಮಾಡಿದ ಟ್ರೈನರ್ ಅನ್ಸೆಲ್ ವಿಲಿಯಮ್‌ಸನ್, ಹುಟ್ಟಿದ್ದು ಗುಲಾಮನಾಗಿ. ಅದಾದ ಮೇಲೆ ಐಸಾಕ್ ಮರ್ಫಿ ಬಂದ. 1884, 1890, 1891, ಹೀಗೆ ಮೂರು ಡರ್ಬಿ ಗೆದ್ದ. ಏರಿದ ಕುದುರೆಗಳಲ್ಲಿ ನೂರಕ್ಕೆ 44ರಷ್ಟು ಗೆದ್ದಿದ್ದೇನೆ ಅನ್ನೋದು ಅವನದೇ ಲೆಕ್ಕ. ಸಿಕ್ಕಿರುವ ದಾಖಲೆಗಳ ಪ್ರಕಾರ ಅದು 34ರ ಆಸುಪಾಸು ಅಂತಾರೆ. ಅಷ್ಟೇ ಅಂದ್ರೂ ಮೂರು ರೇಸಿಗೆ ಒಂದು ಗೆಲುವು! ಇವತ್ತಿನ ದೊಡ್ಡ ದೊಡ್ಡ ಜಾಕಿಗಳು ಐದಕ್ಕೆ ಒಂದು ಗೆದ್ದರೆ ಹಬ್ಬ ಮಾಡ್ತಾರೆ. ಅಂಥ ಮರ್ಫಿ 1896ರಲ್ಲಿ, 35ನೇ ವಯಸ್ಸಿನಲ್ಲಿ ನ್ಯುಮೋನಿಯಾ ಆಗಿ ತೀರಿಕೊಂಡ. ಅವನ ಸಮಾಧಿ ಎಲ್ಲಿದೆ ಅನ್ನೋದೇ ದಶಕಗಳ ಕಾಲ ಮರೆತುಹೋಗಿತ್ತು.

ಈಗ ಜಿಮ್ಮಿಗೆ ಬರೋಣ. ಹುಟ್ಟಿದ್ದು 1882ರಲ್ಲಿ, ಲೆಕ್ಸಿಂಗ್ಟನ್ ಹತ್ತಿರದ ಒಂದು ಹಳ್ಳಿಯಲ್ಲಿ. 17 ಮಕ್ಕಳ ಮನೆ. ಇವನೇ ಕೊನೆಯವನು. ಅಪ್ಪ ಬೇರೆಯವರ ಹೊಲವನ್ನ ಕೋರಿಗೆ ಮಾಡುತ್ತಿದ್ದವನು. ಸುತ್ತಮುತ್ತ ಎಲ್ಲಿ ನೋಡಿದರೂ ಕುದುರೆ ಸಾಕುವ ದೊಡ್ಡ ದೊಡ್ಡ ತೋಟಗಳು. ಹುಡುಗ ಲಾಯಕ್ಕೆ ಸೇರಿಕೊಂಡ. ಸಣ್ಣ ಆಳು, ಹಗುರ ಮೈ, ಗಟ್ಟಿ ಕೈ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಜಾಕಿ ಅಂದ್ರೆ ಕುದುರೆ ಮೇಲೆ ಸುಮ್ಮನೆ ಕೂತು ಹೋಗುವವನಲ್ಲ. ಐವತ್ತು ಕೆ.ಜಿ. ಆಸುಪಾಸಿನ ಮನುಷ್ಯ, ಅವನ ಕೆಳಗೆ 450-500 ಕೆ.ಜಿ. ತೂಗುವ ಪ್ರಾಣಿ, ವೇಗ ಗಂಟೆಗೆ 60 ಕಿಲೋಮೀಟರ್. ಜೀನಿನ ಮೇಲೆ ಅವನು ಕೂರೋದೇ ಇಲ್ಲ. ರಿಕಾಪಿನಲ್ಲಿ ಪಾದದ ತುದಿ ಊರಿ, ಕುತ್ತಿಗೆಯ ಮೇಲೆ ಬಗ್ಗಿ ನಿಂತಿರ್ತಾನೆ. ಎಡಕ್ಕೆ ಒಂದು ಕುದುರೆ, ಬಲಕ್ಕೆ ಒಂದು ಕುದುರೆ, ಮುಂದಿನ ಕುದುರೆಯ ಗೊರಸಿನ ಮಣ್ಣೆಲ್ಲ ಮುಖಕ್ಕೆ. ಯಾವಾಗ ಲಗಾಮು ಬಿಗಿ ಹಿಡಿಯಬೇಕು, ಯಾವಾಗ ಬಿಡಬೇಕು ಅಂತ ಕಣ್ಣು ಮಿಟುಕಿಸೋದರಲ್ಲಿ ತೀರ್ಮಾನ ಆಗಬೇಕು. ಬಿದ್ದರೆ ಬೆನ್ನುಮೂಳೆ ಹೋಗುತ್ತೆ, ಜೀವವೂ ಹೋಗಬಹುದು. ಜೂಜು ಆಡುವವನು ದುಡ್ಡು ಕಟ್ತಾನೆ, ಜಾಕಿ ಮೈಯನ್ನೇ ಕಟ್ತಾನೆ.

ಜಿಮ್ಮಿಯ ಮೊದಲ ರೇಸ್ 1898ರಲ್ಲಿ, ಷಿಕಾಗೊದಲ್ಲಿ. ಉತ್ಸಾಹ ಜಾಸ್ತಿ, ಅನುಭವ ಕಮ್ಮಿ. ಉಳಿದ ಕುದುರೆಗಳ ದಾರಿಗೆ ಅಡ್ಡ ನುಗ್ಗಿಸಿ, ಒಂದು ವರ್ಷ ರೇಸಿನಿಂದ ಅಮಾನತಾದ. ಮೊದಲ ದಿನವೇ ಪಾಠ! ಆಮೇಲೆ ಅಂಥ ತಪ್ಪು ಮಾಡಲಿಲ್ಲ. 1900ರಲ್ಲಿ ಕೆಂಟಕಿ ಡರ್ಬಿಯಲ್ಲಿ ಮೂರನೇ ಸ್ಥಾನ. 1901ರಲ್ಲಿ ಹಿಸ್ ಎಮಿನೆನ್ಸ್ ಅನ್ನೋ ಕುದುರೆ ಮೇಲೆ ಮೊದಲ ಸ್ಥಾನ. ಆ ಒಂದೇ ವರ್ಷದಲ್ಲಿ ಬೇರೆ ಬೇರೆ ಮೈದಾನಗಳಲ್ಲಿ ಸೇರಿ 160ಕ್ಕೂ ಹೆಚ್ಚು ರೇಸ್ ಗೆದ್ದ. ಆಗ ಅವನಿಗೆ ಹತ್ತೊಂಬತ್ತು.

1902ರ ಡರ್ಬಿಯ ಕಥೆಯನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಮ್ಯಾಕ್‌ಡೊವೆಲ್ ಅನ್ನೋ ಮಾಲೀಕನ ಎರಡು ಕುದುರೆಗಳು ಆ ವರ್ಷ ಡರ್ಬಿಗೆ ಇಳಿಯುತ್ತಿದ್ದವು. ಒಂದು ದಿ ರೈವಲ್, ಇನ್ನೊಂದು ಅಲನ್-ಎ-ಡೇಲ್. ಬೆಳಗಿನ ಹೊತ್ತು ಎರಡನ್ನೂ ಓಡಿಸಿ ಹದ ಮಾಡುತ್ತಿದ್ದವನು ಜಿಮ್ಮಿ. ಆದರೆ ಯಾವ ಕುದುರೆ ಬೇಕು ಅಂತ ಮೊದಲು ಆರಿಸುವ ಹಕ್ಕು ಅವನಿಗಿರಲಿಲ್ಲ. ಅದು ನ್ಯಾಶ್ ಟರ್ನರ್ ಎಂಬ ಹೆಸರುವಾಸಿ ಬಿಳಿಯ ಜಾಕಿಗೆ. ಅವನು ಬಿಟ್ಟಿದ್ದು ಇವನಿಗೆ.

ಅಲನ್-ಎ-ಡೇಲ್ ಮೇಲು ಅಂತ ಜಿಮ್ಮಿಗೆ ಗೊತ್ತಾಗಿತ್ತು. ಕಾಲು ಸ್ವಲ್ಪ ಸೂಕ್ಷ್ಮ, ಆದರೆ ಓಟ ಬೆಂಕಿ. ಅವನು ಏನು ಮಾಡಿದ? ಅಭ್ಯಾಸದಲ್ಲಿ ಅದನ್ನ ಪೂರ್ತಿ ಓಡಿಸಲೇ ಇಲ್ಲ. ಲಗಾಮು ಬಿಗಿ ಹಿಡಿದು, ಸಾಧಾರಣ ಕುದುರೆ ಥರ ಕಾಣೋ ಹಾಗೆ ನೋಡಿಕೊಂಡ. ಟರ್ನರ್ ಬಂದ, ಎರಡೂ ಕುದುರೆಯ ಲೆಕ್ಕ ನೋಡಿದ, ದಿ ರೈವಲ್ ಬೇಕು ಅಂದ. ಜಿಮ್ಮಿಗೆ ತನಗೆ ಬೇಕಾಗಿದ್ದೇ ಸಿಕ್ಕಿತು.

ರೇಸಿನ ದಿನ ನಾಲ್ಕೇ ಕುದುರೆ. ಅಲನ್-ಎ-ಡೇಲ್ ಮುಂದೆ ಹೋಯ್ತು. ಆದರೆ ಕೊನೆಯ ನೇರ ಹಾದಿಗೆ ಬರುವಷ್ಟರಲ್ಲಿ ಅದರ ಕಾಲು ಕುಂಟೋಕೆ ಶುರು. ಈಗ? ಮೈದಾನದಲ್ಲಿ ಒಂದು ಕಡೆ ಮರಳು ಆಳವಾಗಿತ್ತು. ಅದು ಎಲ್ಲಿ ಅಂತ ಜಿಮ್ಮಿಗೆ ಅಂಗೈ ಗೆರೆಯಷ್ಟು ಪರಿಚಯ. ಹಿಂದಿನಿಂದ ಬಂದ ಕುದುರೆಗಳು ಆ ಮರಳಿನ ಕಡೆಗೇ ಹೊರಳಿ ಹೋಗುವಂತೆ ತನ್ನ ಕುದುರೆಯನ್ನ ನಡೆಸಿದ. ಅವು ಹೆಜ್ಜೆ ಕಿತ್ತಿಡೋಕೆ ತಿಣುಕಿದವು. ಕುಂಟುವ ಕುದುರೆ ಮೂಗಿನ ತುದಿಯಷ್ಟು ಅಂತರದಲ್ಲಿ ಗೆದ್ದಿತು. ಸತತ ಎರಡನೇ ಡರ್ಬಿ.

ನೀವು ಇದನ್ನ ಜಾಣತನ ಅನ್ನಬಹುದು, ಕೆಲವರು ಕಿಲಾಡಿತನ ಅಂತಲೂ ಅನ್ನಬಹುದು. ನನಗೆ ಕಾಣೋದು ಬೇರೆ. ಚಾಂಪಿಯನ್ ಆದವನು, ಹೋದ ವರ್ಷದ ವಿಜೇತ, ತನಗೆ ಯೋಗ್ಯವಾದ ಕುದುರೆ ಪಡೆಯೋಕೆ ಅದರ ಯೋಗ್ಯತೆಯನ್ನೇ ಬಚ್ಚಿಡಬೇಕಾಯ್ತು ನೋಡಿ. ಬಾಯಿಬಿಟ್ಟು ಕೇಳಿದ್ದರೆ ಸಿಗ್ತಿರಲಿಲ್ಲ.

1903ರಲ್ಲಿ ಮತ್ತೆ ಡರ್ಬಿ. ಈ ಸಲ ಸ್ವಲ್ಪ ಬೇಗ ನುಗ್ಗಿಸಿ ಎರಡನೇ ಸ್ಥಾನಕ್ಕೆ ಬಂದ. ಲೆಕ್ಕ ಹಾಕಿ: ನಾಲ್ಕು ಡರ್ಬಿ. ಮೂರನೇ, ಮೊದಲ, ಮೊದಲ, ಎರಡನೇ ಸ್ಥಾನ. ವಯಸ್ಸು ಇಪ್ಪತ್ತೊಂದು. ಅದಾದ ಮೇಲೆ ಅವನು ಆ ರೇಸ್ ಓಡಲೇ ಇಲ್ಲ!

ಈಗ ಬರೋಣ ಆ ಮೂಲ ಪ್ರಶ್ನೆಗೆ. ಬಾಗಿಲು ಮುಚ್ಚಿದ್ದು ಹೇಗೆ?

ಮೊದಲು ಮೈದಾನದ ಒಳಗೆ. ರೇಸಿನಲ್ಲಿ ದೊಡ್ಡ ದುಡ್ಡು ಬರೋಕೆ ಶುರುವಾದಂತೆ ಬಿಳಿಯ ಹುಡುಗರಿಗೂ ಆ ಕೆಲಸ ಬೇಕಾಯ್ತು. ಬೇಕಾಗಿದ್ದು ತಪ್ಪಲ್ಲ. ಪಡೆದುಕೊಂಡ ರೀತಿ ನೋಡಿ. ಕಪ್ಪು ಜಾಕಿಯ ಕುದುರೆಯನ್ನ ಇಬ್ಬರು ಮೂವರು ಸೇರಿ ಸುತ್ತುವರಿದು ಒಳಗಿನ ಬೇಲಿಗೆ ಒತ್ತುವುದು. ಕುದುರೆಗೆ ಬೀಳಬೇಕಾದ ಚಾಟಿ ಪಕ್ಕದ ಸವಾರನ ಮೈಗೆ ಬೀಳುವುದು. ರಿಕಾಪಿನಿಂದ ಅವನ ಕಾಲು ಎತ್ತಿ ಬೀಳಿಸಲು ನೋಡುವುದು. ತೀರ್ಪು ಕೊಡಬೇಕಾದವರು ಅದೇ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದರು.

ಆಮೇಲೆ ಮೈದಾನದ ಹೊರಗೆ. ಕುದುರೆ ಮಾಲೀಕ ಏನು ಯೋಚನೆ ಮಾಡ್ತಾನೆ? "ನನಗೆ ಈ ಹುಡುಗನ ಮೇಲೆ ಏನೂ ದ್ವೇಷ ಇಲ್ಲಪ್ಪ. ಆದರೆ ಇವನನ್ನ ಕೂರಿಸಿದ್ರೆ ಉಳಿದವರೆಲ್ಲ ಸೇರಿ ನನ್ನ ಕುದುರೆಗೆ ಏಟು ಮಾಡ್ತಾರೆ. ಸಾವಿರಾರು ಡಾಲರ್ ಕೊಟ್ಟ ಪ್ರಾಣಿ. ಯಾಕೆ ಬೇಕು ತಲೆನೋವು?" ಅಷ್ಟೇ. ಮಾರನೇ ದಿನ ಆ ಹುಡುಗನಿಗೆ ಕುದುರೆ ಇಲ್ಲ. ಯಾರೂ ಅವನನ್ನ ತೆಗೆದುಹಾಕಲಿಲ್ಲ. ಕರೆಯಲಿಲ್ಲ, ಅಷ್ಟೇ.

ಅದೇ ಕಾಲಕ್ಕೆ ದೇಶದ ಗಾಳಿಯೂ ಬದಲಾಗಿತ್ತು. ಕಪ್ಪು ಜನರಿಗೆ, ಬಿಳಿಯರಿಗೆ ರೈಲಿನ ಡಬ್ಬಿ ಬೇರೆ ಬೇರೆ ಇಟ್ಟರೆ ತಪ್ಪಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1896ರಲ್ಲಿ ಹೇಳಿಬಿಟ್ಟಿತ್ತು. ರೇಸಿನ ಬಗ್ಗೆ ಕೋರ್ಟ್ ಏನೂ ಹೇಳಿರಲಿಲ್ಲ. ಹೇಳೋ ಅಗತ್ಯವೂ ಬರಲಿಲ್ಲ. ಅದರ ಮೇಲೆ ಜೂಜು ವಿರೋಧಿ ಕಾನೂನುಗಳು ಬಂದು ಒಂದೊಂದೇ ಮೈದಾನ ಬೀಗ ಹಾಕಿಕೊಂಡವು. 1911 ಮತ್ತು 1912ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ರೇಸೇ ನಡೆಯಲಿಲ್ಲ. ಕೆಲಸ ಕಮ್ಮಿಯಾದಾಗ ಮೊದಲು ಆಚೆ ಹೋಗುವವರು ಯಾರು? ಯಾರ ಪರವಾಗಿ ಮಾತಾಡುವವರು ಯಾರೂ ಇಲ್ಲವೋ ಅವರು. ಇದು ಯಾವ ದೇಶದಲ್ಲಾದರೂ ಅಷ್ಟೇ, ಯಾವ ಕಸುಬಿನಲ್ಲಾದರೂ ಅಷ್ಟೇ.

ಜಿಮ್ಮಿಯ ವಿಷಯದಲ್ಲಿ ಅವನದೂ ಒಂದು ತಪ್ಪಿತ್ತು, ಮುಚ್ಚಿಡಬಾರದು. 1903ರಲ್ಲಿ ಜಾನ್ ಮ್ಯಾಡನ್ ಅನ್ನೋ ಬಲು ದೊಡ್ಡ ಮಾಲೀಕನಿಗೆ ಒಂದು ದೊಡ್ಡ ರೇಸಿನಲ್ಲಿ ನಿನ್ನ ಕುದುರೆ ಓಡಿಸ್ತೀನಿ ಅಂತ ಮಾತು ಕೊಟ್ಟಿದ್ದ. ಇನ್ನೊಬ್ಬರು 3,000 ಡಾಲರ್ ಕೊಡ್ತೀವಿ ಅಂದಾಗ ಆ ಕಡೆ ಹೋಗಿಬಿಟ್ಟ. ಮಾತು ತಪ್ಪಿದ್ದು ತಪ್ಪೇ. ಆದರೆ ಆ ಒಂದು ತಪ್ಪಿಗೆ ಮ್ಯಾಡನ್ ಎಲ್ಲರ ಲಾಯದ ಬಾಗಿಲನ್ನೂ ಅವನಿಗೆ ಮುಚ್ಚಿಸಿದ. ಆಗಲೇ ಕಪ್ಪು ಜಾಕಿಗಳಿಗೆ ಜಾಗ ಕಿರಿದಾಗಿತ್ತು. ಮೊದಲೇ ಅಂಚಿನಲ್ಲಿ ನಿಂತವನಿಗೆ ಒಂದು ಸಣ್ಣ ತಳ್ಳು ಸಾಕಾಯ್ತು.

1904. ಎರಡು ಸಲದ ಡರ್ಬಿ ಚಾಂಪಿಯನ್ ಹಡಗು ಹತ್ತಿ ರಷ್ಯಾಕ್ಕೆ ಹೋದ.

ಅಲ್ಲಿ ಏನಾಯ್ತು ಗೊತ್ತಾ? ತ್ಸಾರ್ ಎರಡನೇ ನಿಕೋಲಸ್ ಆಳುತ್ತಿದ್ದ ಕಾಲ. ಮಾಸ್ಕೋ, ಸೇಂಟ್ ಪೀಟರ್ಸ್‌ಬರ್ಗ್, ವಾರ್ಸಾ, ಒಡೆಸ್ಸಾ, ಎಲ್ಲ ಕಡೆ ಭಾರೀ ರೇಸುಗಳು. ಕೆಂಟಕಿಯ ಈ ಹುಡುಗ ಹೋದದ್ದೇ ಗೆಲ್ಲೋಕೆ ಶುರು ಮಾಡಿದ. ರಷ್ಯಾದ ಡರ್ಬಿಯನ್ನ ಒಂದಲ್ಲ, ಹಲವು ಬಾರಿ ಗೆದ್ದ. ಶ್ರೀಮಂತ ಮಾಲೀಕರು ಅವನಿಗಾಗಿ ಪೈಪೋಟಿಗೆ ಬಿದ್ದರು. ಮಾಸ್ಕೋದ ನ್ಯಾಷನಲ್ ಹೋಟೆಲಿನಲ್ಲಿ ವಾಸ, ಕಿಟಕಿ ತೆಗೆದರೆ ಎದುರಿಗೆ ಕ್ರೆಮ್ಲಿನ್. ಲಾಯದ ಲದ್ದಿ ಬಾಚಿ ಬೆಳೆದ ಹುಡುಗನಿಗೆ ಬೆಳಗಿನ ತಿಂಡಿಗೆ ದುಬಾರಿ ಮೀನಿನ ಮೊಟ್ಟೆ, ಕ್ಯಾವಿಯರ್! ಊಟದ ಮೇಜಿನಲ್ಲಿ ರಾಜಮನೆತನದವರ ಪಕ್ಕ ಕುರ್ಚಿ.

ಹಾಗಂತ ರಷ್ಯಾ ಸ್ವರ್ಗ, ಅಮೆರಿಕ ನರಕ ಅಂತ ನಾನು ಹೇಳ್ತಾ ಇಲ್ಲ. ಆ ತಪ್ಪು ಮಾಡಬೇಡಿ. ಜಿಮ್ಮಿ ರೇಸ್ ಗೆಲ್ಲುತ್ತಿದ್ದ ಅದೇ ಒಡೆಸ್ಸಾದಲ್ಲಿ 1905ರಲ್ಲಿ ನೂರಾರು ಯಹೂದಿಗಳನ್ನ ಬೀದಿಬೀದಿಯಲ್ಲಿ ಕೊಂದುಹಾಕಿದರು. ಜಿಮ್ಮಿಗೆ ಕುರ್ಚಿ ಕೊಟ್ಟ ಊರು ತನ್ನದೇ ನೆರೆಯವನ ಮನೆಗೆ ಬೆಂಕಿ ಇಟ್ಟಿತು. ಪ್ರತಿ ಊರಿಗೂ ತನ್ನದೇ ಒಂದು ಮುಂಬಾಗಿಲಿದೆ, ತನ್ನದೇ ಒಂದು ಹಿಂಬಾಗಿಲಿದೆ. ಯಾರನ್ನ ಯಾವ ಬಾಗಿಲಿಗೆ ಕಳಿಸಬೇಕು ಅನ್ನೋ ಪಟ್ಟಿ ಮಾತ್ರ ಊರಿಂದ ಊರಿಗೆ ಬದಲಾಗುತ್ತೆ. ಈ ಮುಂಬಾಗಿಲು ಹಿಂಬಾಗಿಲಿನ ವಿಚಾರ ನಮ್ಮ ಜನಕ್ಕೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1917ರಲ್ಲಿ ರಷ್ಯಾದಲ್ಲಿ ಕ್ರಾಂತಿ. ಕುದುರೆ ಕಟ್ಟಿದ್ದ ಶ್ರೀಮಂತರೆಲ್ಲ ದಿಕ್ಕಾಪಾಲು. ರೇಸ್ ಜಗತ್ತು ದಕ್ಷಿಣಕ್ಕೆ, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾಕ್ಕೆ ಓಡಿಬಂತು. 1919ರಲ್ಲಿ ಕೆಂಪು ಸೇನೆ ಅಲ್ಲಿಗೂ ಬಂತು. ಆಗ ಜಿಮ್ಮಿ ಮತ್ತು ಒಂದಿಷ್ಟು ಜಾಕಿಗಳು, ಟ್ರೈನರ್‌ಗಳು, ಲಾಯದ ಹುಡುಗರು, ಅವರ ಹೆಂಡತಿ ಮಕ್ಕಳು ಸೇರಿ ಒಂದು ಹುಚ್ಚು ಸಾಹಸಕ್ಕೆ ಇಳಿದರು. 200ಕ್ಕೂ ಹೆಚ್ಚು ಉತ್ತಮ ತಳಿಯ ರೇಸ್ ಕುದುರೆಗಳನ್ನ ನಡೆಸಿಕೊಂಡು ವಾರ್ಸಾ ಕಡೆ ಹೊರಟರು. ದೂರ ಸುಮಾರು 1,100 ಮೈಲಿ. ಯುದ್ಧ ನಡೀತಿರೋ ನಾಡು. ಗುಂಡಿನ ಸದ್ದು, ಕಳ್ಳರ ಕಾಟ, ಹೊಟ್ಟೆಗಿಲ್ಲ. ದಾರಿಯಲ್ಲಿ ಕೊನೆಗೆ ಸತ್ತ ಕುದುರೆಗಳ ಮಾಂಸವನ್ನೇ ತಿಂದು ಜೀವ ಹಿಡಿದುಕೊಂಡರು. ಕುದುರೆಯನ್ನ ಮಗುವಿನ ಹಾಗೆ ಸಾಕಿದವನಿಗೆ ಅದು ಎಂಥ ತುತ್ತು, ನೀವೇ ಯೋಚನೆ ಮಾಡಿ. ಆದರೂ ಹೆಚ್ಚಿನ ಕುದುರೆಗಳನ್ನ ಜೀವಸಹಿತ ವಾರ್ಸಾಕ್ಕೆ ತಲುಪಿಸಿದರು.

ಅಲ್ಲಿಂದ ಫ್ರಾನ್ಸ್. ಮೂವತ್ತೆಂಟರ ವಯಸ್ಸಿಗೆ ಮತ್ತೆ ಸೊನ್ನೆಯಿಂದ ಶುರು. ಪ್ಯಾರಿಸ್ ಮೈದಾನಗಳಲ್ಲಿ ಗೆದ್ದ. ಅಲ್ಲಿನ ಪ್ರತಿಷ್ಠಿತ ರಾಷ್ಟ್ರಾಧ್ಯಕ್ಷರ ಬಹುಮಾನದ ರೇಸನ್ನೂ ಗೆದ್ದ. ರಷ್ಯಾದಿಂದ ಓಡಿಬಂದ ಒಂದು ಜಮೀನ್ದಾರ ಮನೆತನದ ಹೆಣ್ಣುಮಗಳನ್ನ ಮದುವೆಯಾದ. ಪ್ಯಾರಿಸ್ ಹತ್ತಿರದ ಮೇಸೋನ್-ಲಫೀತ್ ಎಂಬ ಊರಿನಲ್ಲಿ ಮನೆ, ಲಾಯ ಮಾಡಿಕೊಂಡ. 1930ರ ಹೊತ್ತಿಗೆ ಸವಾರಿ ಬಿಟ್ಟು ಟ್ರೈನರ್ ಆದ. ಅಷ್ಟರಲ್ಲಿ ಅವನ ಒಟ್ಟು ಗೆಲುವು 2,600 ದಾಟಿತ್ತು ಅಂತ ಅವನ ಬಗ್ಗೆ ಬರೆದವರ ಲೆಕ್ಕ.

ಇನ್ನಾದರೂ ನೆಮ್ಮದಿಯಾ? 1940ರಲ್ಲಿ ಹಿಟ್ಲರನ ಸೇನೆ ಫ್ರಾನ್ಸಿಗೆ ನುಗ್ಗಿತು. ಜರ್ಮನ್ನರು ಅವನ ಲಾಯಕ್ಕೂ ಬಂದರು. 1941ರಲ್ಲಿ ಎಲ್ಲ ಬಿಟ್ಟು ಕುಟುಂಬದ ಜೊತೆ ಅಮೆರಿಕಕ್ಕೆ ವಾಪಸ್. ನಲವತ್ತು ವರ್ಷ ಹತ್ತಿರ ಹೊರಗಿದ್ದು, ಮೂರು ದೊಡ್ಡ ದೇಶಗಳ ಮೈದಾನ ಗೆದ್ದು ತವರಿಗೆ ಬಂದ ಚಾಂಪಿಯನ್ನಿಗೆ ಸಿಕ್ಕ ಕೆಲಸ ಏನು ಗೊತ್ತಾ? ನ್ಯೂಯಾರ್ಕಿನಲ್ಲಿ ಯಂತ್ರ ಹಿಡಿದು ರಸ್ತೆ ಅಗೆಯೋದು. ಅರವತ್ತರ ಹತ್ತಿರದ ವಯಸ್ಸು. ಆಮೇಲೆ ದಕ್ಷಿಣ ಕೆರೊಲಿನಾದಲ್ಲಿ ಲಾಯದ ಆಳಾದ. ಹುಡುಗನಾಗಿದ್ದಾಗ ಎಲ್ಲಿಂದ ಶುರು ಮಾಡಿದ್ದನೋ ಅಲ್ಲಿಗೇ ಬಂದ. ಆದರೆ ಆ ಮನುಷ್ಯ ಕೂತು ಅಳಲಿಲ್ಲ. ದುಡಿದ, ಕೂಡಿಟ್ಟ, ಮತ್ತೆ ಟ್ರೈನರ್ ಆದ, 1953ರಲ್ಲಿ ಫ್ರಾನ್ಸಿಗೆ ಮರಳಿ ತನ್ನ ಲಾಯದ ಬಾಗಿಲು ಮತ್ತೆ ತೆಗೆದ.

ಈಗ 1961ಕ್ಕೆ ಬನ್ನಿ. ಜಿಮ್ಮಿಗೆ 79. ಅವನ ಡರ್ಬಿ ಗೆಲುವಿಗೆ 60 ವರ್ಷ ತುಂಬಿತ್ತು. ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಪತ್ರಿಕೆ ಅವನ ಬದುಕಿನ ಬಗ್ಗೆ ದೊಡ್ಡ ಲೇಖನ ಮಾಡಿತ್ತು. ಡರ್ಬಿಯ ಮುನ್ನ ಲೂಯಿವಿಲ್‌ನ ಬ್ರೌನ್ ಹೋಟೆಲಿನಲ್ಲಿ ರೇಸ್ ವರದಿಗಾರರ ಔತಣಕೂಟ. ಜಿಮ್ಮಿಗೂ ಆಹ್ವಾನ. ಮಗಳ ಜೊತೆ ಹೋದ. ಬಾಗಿಲಲ್ಲಿ ತಡೆದರು. ಕಪ್ಪು ಜನ ಮುಂಬಾಗಿಲಿನಿಂದ ಒಳಗೆ ಬರುವ ಹಾಗಿಲ್ಲ ಅಂದರು. ಆಹ್ವಾನ ಇದೆ, ಅತಿಥಿ ಇವರು ಅಂತ ಮನವರಿಕೆ ಮಾಡಿಕೊಡೋವರೆಗೂ ಆ ಮುದುಕ, ಆ ಊರಿನ ರೇಸನ್ನ ಎರಡು ಸಲ ಗೆದ್ದವನು, ಹೊರಗೆ ಕಾಯಬೇಕಾಯ್ತು. ಒಳಗೆ ಹೋದ ಮೇಲೂ ಹೆಚ್ಚಿನವರು ಅವರತ್ತ ಸುಳಿಯಲಿಲ್ಲ. ಬಂದು ಮಾತಾಡಿಸಿದವನು ರಾಸ್ಕೊ ಗೂಸ್, 1913ರ ಡರ್ಬಿ ಗೆದ್ದ ಬಿಳಿಯ ಜಾಕಿ. ಅವನ ಹೆಸರನ್ನೂ ಹೇಳಲೇಬೇಕು. ಎಲ್ಲರೂ ಒಂದೇ ಥರ ಇರಲ್ಲ. ಒಬ್ಬನಾದರೂ ಕುರ್ಚಿ ಬಿಟ್ಟು ಎದ್ದು ಬರ್ತಾನೆ.

1974ರಲ್ಲಿ ಜಿಮ್ಮಿ ಫ್ರಾನ್ಸಿನ ತನ್ನ ಊರಿನಲ್ಲೇ ತೀರಿಕೊಂಡ. ಅಮೆರಿಕದ ರೇಸ್ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರಿದ್ದು 2004ರಲ್ಲಿ, ಸತ್ತು 30 ವರ್ಷ ಆದ ಮೇಲೆ. ಮರುವರ್ಷ ಅಲ್ಲಿನ ಸಂಸತ್ತಿನ ಕೆಳಮನೆ ಅವನನ್ನ ಗೌರವಿಸಿ ನಿರ್ಣಯ ಮಾಡಿತು. ಒಳ್ಳೆಯದೇ. ಆದರೆ ಲೆಕ್ಕ ನೋಡಿ. ಹೊರಗೆ ಹಾಕುವಾಗ ಕಾಗದ ಬೇಕಾಗಲಿಲ್ಲ. ವಾಪಸ್ ಕರೆಯೋಕೆ ಸಂಸತ್ತೇ ನಿರ್ಣಯ ಮಾಡಬೇಕಾಯ್ತು, ಅದೂ ಕರೆಸಿಕೊಳ್ಳೋಕೆ ಮನುಷ್ಯನೇ ಇಲ್ಲದಾಗ.

ಇದನ್ನ ಯಾಕೆ ಇವತ್ತು ಹೇಳಿದೆ? ನಮ್ಮ ಸ್ಟುಡಿಯೊಗಳಲ್ಲಿ ಅನ್ಯಾಯದ ಬಗ್ಗೆ ಚರ್ಚೆ ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೇ ಬರುತ್ತೆ. "ಎಲ್ಲಿದೆ ರೀ ಆದೇಶ? ಯಾರು ಬೇಡ ಅಂದಿದ್ದಾರೆ? ಯೋಗ್ಯತೆ ಇದ್ದವರು ಬರಲಿ, ಬಾಗಿಲು ತೆರೆದೇ ಇದೆ." ಕೇಳೋಕೆ ಬಹಳ ನ್ಯಾಯವಾದ ಮಾತು. 1910ರಲ್ಲಿ ಕೆಂಟಕಿಯಲ್ಲಿ ಕೇಳಿದ್ದರೂ ಇದೇ ಉತ್ತರ ಸಿಗ್ತಿತ್ತು. ಆದೇಶ ಎಲ್ಲೂ ಇರಲಿಲ್ಲ. ಬೇಲಿಗೆ ಒತ್ತಿದ ಒಬ್ಬ ಸವಾರ, ಕಣ್ಣು ತಿರುಗಿಸಿದ ಒಬ್ಬ ತೀರ್ಪುಗಾರ, ತಲೆನೋವು ಬೇಡ ಅಂದುಕೊಂಡ ಒಬ್ಬ ಮಾಲೀಕ. ಮೂವರಲ್ಲಿ ಒಬ್ಬೊಬ್ಬರನ್ನೂ ಕರೆದು ಕೇಳಿ, ನಾನೇನು ಮಾಡಿದೆ ಸ್ವಾಮಿ ಅಂತಾರೆ. ಮೂವರೂ ಸೇರಿ ಮಾಡಿದ ಕೆಲಸ ಮಾತ್ರ ಯಾವ ಕಾನೂನಿಗಿಂತಲೂ ಗಟ್ಟಿಯಾಗಿತ್ತು.

ಇನ್ನೊಂದು ಮಾತು. ಕೆಲವು ವರ್ಷ ಕಳೆದ ಮೇಲೆ ಜನ ಮರೆತುಬಿಟ್ಟರು. ಮೈದಾನದಲ್ಲಿ ಕಪ್ಪು ಜಾಕಿ ಕಾಣದೇ ಬೆಳೆದ ಹುಡುಗರು, ಅವರಿಗೆ ಆ ವಿದ್ಯೆ ಬರಲ್ಲ ಅಂತಲೇ ನಂಬಿದರು. ಆ ವಿದ್ಯೆ ಯಾರದು ಅನ್ನೋದೇ ಅಳಿಸಿಹೋಯ್ತು. ಹೊರಗೆ ಹಾಕಿದ್ದಕ್ಕಿಂತ ದೊಡ್ಡ ಅನ್ಯಾಯ ಇದು ಅಂತ ನನಗನ್ನಿಸುತ್ತೆ.

ಹಾಗಾಗಿ ನನ್ನದೊಂದು ಸಣ್ಣ ಸಲಹೆ. ಆದೇಶ ಹುಡುಕಬೇಡಿ, ಲೆಕ್ಕ ನೋಡಿ. ನಿಮ್ಮ ಕಚೇರಿ ಇರಲಿ, ಕಾಲೇಜು ಇರಲಿ, ಕ್ರೀಡಾಂಗಣ ಇರಲಿ, ನಾನು ಕೂತಿರುವ ಈ ನ್ಯೂಸ್ ರೂಮ್ ಕೂಡ ಇರಲಿ. ಯಾರು ಇದ್ದಾರೆ ಅಂತ ನೋಡಿದ ಮೇಲೆ, ಯಾರು ಇಲ್ಲ ಅಂತಲೂ ಒಂದು ಸಲ ಎಣಿಸಿ. ಇಲ್ಲದವರು ಮೊದಲು ಇದ್ದರಾ? ಇದ್ದರೆ ಎಲ್ಲಿ ಹೋದರು? ಯಾರನ್ನಾದರೂ ಬೇಲಿಗೆ ಒತ್ತುತ್ತಿರುವಾಗ ನಾವು ಯಾವ ಕಡೆ ನೋಡ್ತಿದ್ವಿ?

ಜಿಮ್ಮಿ ವಿಂಕ್‌ಫೀಲ್ಡ್ ಅನ್ನೋ ಹೆಸರು ಇವತ್ತು ರಾತ್ರಿ ನಿಮ್ಮ ಮನೆಯಲ್ಲಿ ಒಂದು ಸಲ ಬಂತಲ್ಲ, ಅಷ್ಟು ಸಾಕು. ಮಕ್ಕಳು ಪಕ್ಕದಲ್ಲಿದ್ದರೆ ಆ ಕುಂಟು ಕುದುರೆ ಮರಳಿನ ಪಕ್ಕದಲ್ಲಿ ಗೆದ್ದ ಕಥೆ ಹೇಳಿ. ಅವರಿಗೆ ಬಹಳ ಇಷ್ಟ ಆಗುತ್ತೆ. ಅವನಿಗೆ ಆ ಕುದುರೆ ಸಿಕ್ಕಿದ್ದು ಹೇಗೆ ಅನ್ನೋದನ್ನೂ ಹೇಳಿ.